ಇಳಿಯಬೇಕಾದರೆ ಒಂದಿಂಚು ಮೇಲಕ್ಕೆ

ಅಳತೆಯಲ್ಲಿ ತಪ್ಪಿರಲಿಲ್ಲ ಎಂದು ಚಿಕ್ಕವನು ಇವತ್ತಿಗೂ ವಾದ ಮಾಡುತ್ತಾನೆ. ನಿಜ, ಅಳತೆ ಸರಿಯಾಗಿಯೇ ಇತ್ತು. ಅಳೆದವನು ದರ್ಜಿ, ಅಷ್ಟೇ ತಪ್ಪು.

ಆ ಮನೆಯಲ್ಲಿ ದರ್ಜಿಗಳು ಇಬ್ಬರು. ಮಹಡಿಯಲ್ಲಿ ದೊಡ್ಡವನು ಕೋಟು ಹೊಲಿಯುತ್ತಿದ್ದ, ಕೆಳಗೆ ಚಿಕ್ಕವನು ಪ್ಯಾಂಟು ಹೊಲಿಯುತ್ತಿದ್ದ. ಸೂಟು ಬೇಕೆಂದು ಬಂದವರು ಮೊದಲು ಮೆಟ್ಟಿಲು ಹತ್ತಿ ಎದೆ, ತೋಳು ಕೊಟ್ಟು, ಆಮೇಲೆ ಇಳಿದು ಬಂದು ಸೊಂಟ, ಕಾಲು ಕೊಡಬೇಕು. ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ದಾರದ ಬಣ್ಣ, ಗಿರಾಕಿಯ ಹೊಟ್ಟೆ ಬೆಳೆದ ಸುದ್ದಿ, ಎಲ್ಲವೂ ಅಮ್ಮನ ಮೂಲಕವೇ ಹೋಗಬೇಕು. "ಅಮ್ಮಾ, ಅವನಿಗೆ ಹೇಳು" ಎಂದು ಇವನು, "ಅಮ್ಮಾ, ಆ ಪೆದ್ದನಿಗೆ ಹೇಳು" ಎಂದು ಅವನು. ಎಂಬತ್ತನಾಲ್ಕರ ಅಮ್ಮನಿಗೆ ಮೆಟ್ಟಿಲು ಹತ್ತಲು ಮೊಣಕಾಲು ಬಿಡುತ್ತಿರಲಿಲ್ಲ. ಹಾಗಾಗಿ ಇಬ್ಬರೂ ದಿನಕ್ಕೆ ಏಳೆಂಟು ಸಲ ಅವಳ ಹತ್ತಿರವೇ ಬರುತ್ತಿದ್ದರು. ಇಬ್ಬರೂ ಮದುವೆಯ ಗೋಜಿಗೆ ಹೋಗಿರಲಿಲ್ಲ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಜಗಳ ಅಪ್ಪನ ಕಾರಿನದು. ಅಪ್ಪ ಹೋದಾಗ ಗ್ಯಾರೇಜಿನ ಜೊತೆಗೆ ಕಾರು ಚಿಕ್ಕವನ ಪಾಲಿಗೆ ಬಂತು. ಅಪ್ಪನ ಕಪಾಟಿನ ಜೊತೆಗೆ ಕೀ ದೊಡ್ಡವನ ಪಾಲಿಗೆ ಹೋಯಿತು. ಕಾರು ನನ್ನದು ಎಂದು ಒಬ್ಬ, ಕೀ ನನ್ನ ಹತ್ತಿರ ಇದೆ ಎಂದು ಇನ್ನೊಬ್ಬ. ಬೇರೆ ಕೀ ಮಾಡಿಸಿಕೊಂಡರೆ ಅಣ್ಣ ಗೆದ್ದಂತೆ ಎಂದು ಚಿಕ್ಕವನು ಹಟಕ್ಕೆ ಬಿದ್ದು ಮಾಡಿಸಲಿಲ್ಲ. ಆದರೆ ಅಲುಗಾಡದ ಆ ಕಾರನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಂಡ. ವಾರಕ್ಕೊಮ್ಮೆ ಬ್ಯಾಟರಿ ಚಾರ್ಜು, ವರ್ಷಕ್ಕೊಮ್ಮೆ ಹೊಸ ಪೆಟ್ರೋಲು. ನಿಂತಲ್ಲೇ ನಿಂತು ಗಾಳಿ ಇಳಿಯಬಾರದೆಂದು ನಾಲ್ಕೂ ಟೈರಿಗೆ ಕತ್ತರಿಸಿ ಉಳಿದ ಚಿಂದಿಯನ್ನು ಗಿಡಿದು ತುಂಬಿದ್ದ. ಅಮ್ಮ ದಿನಾ ನಾಲ್ಕು ಗಂಟೆಗೆ ಹಿಂದಿನ ಸೀಟಿನಲ್ಲಿ ಕೂತು, ಡಬ್ಬಿಯಲ್ಲಿದ್ದ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು. ಆರಕ್ಕೆ ಎಲ್ಲವನ್ನೂ ಮತ್ತೆ ಕಲಸಿಡುತ್ತಿದ್ದಳು.

ಹೀಗಿರುವಾಗ ಒಬ್ಬ ಹಳೆಯ ಗಿರಾಕಿ ತನ್ನ ಪುಟ್ಟ ನೀಲಿ ಕಾರನ್ನು ಇಟ್ಟುಕೋ ಎಂದ. ಅದೂ ಅಪ್ಪನ ಕಾಲದ್ದೇ. ಹಳೇ ಕಾರಿಗೆ ಬೇಡ ಎನ್ನುವ ಬಾಯಿ ಚಿಕ್ಕವನಿಗೆ ಇರಲಿಲ್ಲ. ಗ್ಯಾರೇಜಿನಲ್ಲಿ ಎರಡಕ್ಕೆ ಜಾಗ ಎಲ್ಲಿ? ಒಂದರ ಮೇಲೊಂದು ನಿಲ್ಲಿಸಬೇಕು, ಲಿಫ್ಟು ಹಾಕಿಸಬೇಕು. ಫಿಟ್ಟರ್ ಬಂದು ನಾಲ್ಕು ಕಂಬ ನಿಲ್ಲಿಸಿ, ನೆಲಕ್ಕೆ ಬೋಲ್ಟು ಬಿಗಿದು, ಅಪ್ಪನ ಕಾರನ್ನು ತಳ್ಳಿ ಹಲಗೆಯ ಮೇಲೆ ನಿಲ್ಲಿಸಿ ಹೋದ. ಎತ್ತಿ ನೋಡುವುದೊಂದು ಬಾಕಿ ಇತ್ತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆಂದವನು ಬಂದದ್ದು ಸಂಜೆ ನಾಲ್ಕೂಕಾಲಿಗೆ.

"ಮೇಲೆ ಒಂದು ಗೇಣಾದ್ರೂ ಜಾಗ ಬಿಡಿ ಸಾರ್," ಎಂದ ಫಿಟ್ಟರ್.

"ಮೂವತ್ತು ವರ್ಷ ಸೂಜಿ ಹಿಡಿದಿದೀನಿ. ದೊಗಲೆ ಕೆಲಸ ನನ್ನ ಕೈಲಿ ಆಗಲ್ಲ. ಎತ್ತು."

ಕಂಬಗಳೊಳಗಿನ ಕೊಕ್ಕೆಗಳು ಕಟಕಟ ಎನ್ನುತ್ತ ಕಾರು ಮೇಲೇರಿತು. ಚಿಕ್ಕವನ ಕಣ್ಣೆಲ್ಲ ಟೇಪಿನ ಮೇಲೆ. ಇನ್ನೊಂದು ಚೂರು, ಇನ್ನೊಂದೇ ಚೂರು. ಕೊನೆಗೆ ಕಾರಿನ ನೆತ್ತಿ ಚಾವಣಿಗೆ ಮುತ್ತಿಟ್ಟಂತೆ ತಾಗಿ ನಿಂತಿತು, ಕೊಕ್ಕೆ ಬಿತ್ತು. ನಡುವೆ ದಾರ ಕೂಡ ತೂರುವಂತಿರಲಿಲ್ಲ. ಚಿಕ್ಕವನು ಜಂಭದಿಂದ ಟೇಪು ಸುತ್ತಿಕೊಂಡ.

"ಯಾಕೋ ಚಿಕ್ಕಾ, ಕತ್ತಲಾಯ್ತಲ್ಲೋ?" ಎಂದು ಮೇಲಿನಿಂದ ಅಮ್ಮನ ದನಿ ಬಂತು.

ನಾಲ್ಕು ಗಂಟೆಗೆ ಅಮ್ಮ ಎಲ್ಲಿರುತ್ತಾಳೆಂದು ಬೀದಿಗೆಲ್ಲ ಗೊತ್ತು, ಮಗನಿಗೇ ಆ ಹೊತ್ತಿಗೆ ಮರೆತಿತ್ತು!

"ಇಳಿಸಯ್ಯಾ, ಬೇಗ ಇಳಿಸು!"

ಫಿಟ್ಟರ್ ಲಿಫ್ಟಿನ ಗುಂಡಿಯ ಮೇಲೆ ಬೆರಳಿಟ್ಟ, ಒತ್ತಲಿಲ್ಲ. "ಇಳೀಬೇಕಾದ್ರೆ ಮೊದಲು ಒಂದಿಂಚು ಮೇಲೆ ಹೋಗ್ಬೇಕು ಸಾರ್. ಆಗ್ಲೇ ಕೊಕ್ಕೆ ಬಿಡೋದು. ಈಗ ಎತ್ತಿದ್ರೆ ಕಾರಿನ ತಲೆ ಅಪ್ಪಚ್ಚಿ ಆಗುತ್ತೆ. ಒಳಗೆ ಅಜ್ಜಿ ಇದಾರೆ."

"ಟೈರಿನ ಗಾಳಿ ತೆಗಿ."

"ಗಾಳಿ ಎಲ್ಲಿದೆ ಸಾರ್? ಚಿಂದಿ ಇದೆ."

ಏಣಿ ಇಟ್ಟರು. ಅಮ್ಮ ಬಾಗಿಲು ತೆರೆದು ಒಮ್ಮೆ ಕೆಳಗೆ ನೋಡಿ, "ನನ್ನ ಮೊಣಕಾಲಿಗೆ ಇದೊಂದು ಬಾಕಿ ಇತ್ತು" ಎಂದು ಮತ್ತೆ ಬಾಗಿಲು ಹಾಕಿಕೊಂಡಳು.

ಫಿಟ್ಟರ್ ತಲೆ ಕೆರೆದುಕೊಂಡ. "ದಪ್ಪಗಿರೋರು ಯಾರಾದ್ರೂ ಒಳಗೆ ಕೂತ್ರೆ ಸ್ಪ್ರಿಂಗು ಕುಗ್ಗುತ್ತೆ. ಆಗ ಎತ್ತಬಹುದು. ನಾನು ಇಲ್ಲೇ ಗುಂಡಿ ಒತ್ಬೇಕು, ನೀವು ನೋಡಿದ್ರೆ ಕಡ್ಡಿ."

ದಪ್ಪಗಿರುವವನು ಆ ಮನೆಯಲ್ಲಿ ಒಬ್ಬನೇ, ನೂರಹತ್ತು ಕಿಲೋ. ಈ ಚಾವಣಿಯೇ ಅವನ ಕೋಣೆಯ ನೆಲ. ಆದರೆ ಅವನಿಗೆ ಹೇಳುವವರು ಯಾರು? ಹೇಳುತ್ತಿದ್ದವಳು ಗಾಳಿಯಲ್ಲಿ ನೇತಾಡುತ್ತಿದ್ದಳು. ಚಿಕ್ಕವನು ಫಿಟ್ಟರನನ್ನೇ ಮೇಲೆ ಕಳಿಸಿದ. ಐದು ನಿಮಿಷಕ್ಕೆ ಅವನು ಬೆಪ್ಪಾಗಿ ಇಳಿದು ಬಂದ.

"ಬಾಯಿ ತುಂಬ ಗುಂಡುಸೂಜಿ ಸಾರ್ ಅವರಿಗೆ. ನಾನು ಬಾಯಿ ತೆಗೆದಾಗೆಲ್ಲ ಕೈ ಎತ್ತಿಸಿ, ಬೆನ್ನು ತಿರುಗಿಸಿ, ಎದೆ ಅಳೆದು ಬರ್ಕೊಂಡ್ರು. ಸೊಂಟ ಕೆಳಗೆ ಕೊಡು ಅಂತ ಸನ್ನೆ ಮಾಡಿ ಕಳಿಸಿದ್ರು."

ಇನ್ನು ತಾನೇ ಹೋಗಬೇಕು. ಹನ್ನೊಂದು ವರ್ಷದಿಂದ ತುಳಿಯದ ಮೆಟ್ಟಿಲು. ಹೋಗಿ ಕರೆದರೆ ಮೊದಲು ಮಾತಾಡಿದವನು ತಾನೇ ಆದಂತೆ. ಅಣ್ಣ ಕತ್ತೆತ್ತಿ ನೋಡದಿದ್ದರೆ? ಮುಖ ತಿರುಗಿಸಿದರೆ? ಎಂಟನೇ ಮೆಟ್ಟಿಲಿಗೆ ಕಾಲು ನಿಂತುಬಿಟ್ಟಿತು. ಸೋಲುವ ಭಯ ಅದಾಗಿರಲಿಲ್ಲ. ಅಣ್ಣನಿಗೆ ತಾನು ನಿಜವಾಗಿಯೂ ಬೇಡವಾಗಿರಬಹುದು ಎಂಬ ಭಯ. ಅಮ್ಮ ನಡುವೆ ಇರುವಷ್ಟು ದಿನ ಅದನ್ನು ತಿಳಿದುಕೊಳ್ಳುವ ಅಗತ್ಯ ಬಿದ್ದಿರಲಿಲ್ಲ.

ಅಷ್ಟರಲ್ಲಿ ಹಾರನ್ ಕೇಳಿತು. ಎರಡು ಗಿಡ್ಡ, ಒಂದು ಉದ್ದ, ಅಪ್ಪ ಗೇಟಿನ ಹತ್ತಿರ ಹೊಡೆಯುತ್ತಿದ್ದ ಹಾಗೆಯೇ. ಅಮ್ಮ ಹಿಂದಿನ ಸೀಟಿನಿಂದ ಊರುಗೋಲು ಚಾಚಿ ಒತ್ತಿದ್ದಳು. ಮೇಲೆ ಹೊಲಿಗೆ ಯಂತ್ರ ಗಕ್ಕನೆ ನಿಂತಿತು, ಬಾಗಿಲು ತೆರೆಯಿತು. ಕೊರಳಲ್ಲಿ ಟೇಪು, ತುಟಿಯಲ್ಲಿ ಗುಂಡುಸೂಜಿಗಳ ಸಾಲು. ಅಣ್ಣನ ತಲೆ ಪೂರ್ತಿ ಬೆಳ್ಳಗಾದದ್ದನ್ನು ಚಿಕ್ಕವನು ಹತ್ತಿರದಿಂದ ನೋಡಿದ್ದು ಅವತ್ತೇ.

"ಅಣ್ಣಾ," ಎಂದ ಚಿಕ್ಕವನು. "ಅಮ್ಮ ಕಾರಲ್ಲಿ ಸಿಕ್ಕೊಂಡಿದಾಳೆ. ನಿನ್ನ ತೂಕ ಬೇಕು."

ದೊಡ್ಡವನು ಏನೂ ಹೇಳಲಿಲ್ಲ. ಗುಂಡುಸೂಜಿ ಹೇಳಗೊಡಲಿಲ್ಲವೋ, ಹೇಳುವ ಮನಸ್ಸಿರಲಿಲ್ಲವೋ. ಆದರೆ ಧಡಧಡ ಇಳಿದ. ನರಳುತ್ತಿದ್ದ ಏಣಿಯನ್ನು ಫಿಟ್ಟರ್ ತಬ್ಬಿ ಹಿಡಿದ. ಅಣ್ಣ ಅಪ್ಪನ ಸೀಟಿನಲ್ಲಿ ಕೂತ, ಕಾರು ಮುಕ್ಕಾಲು ಇಂಚು ಕುಗ್ಗಿತು.

"ಇನ್ನೊಂಚೂರು ಬೇಕು ಸಾರ್, ಕಡ್ಡಿಯಾದ್ರೂ ಪರವಾಗಿಲ್ಲ, ನೀವೂ ಹತ್ತಿ!"

ಚಿಕ್ಕವನೂ ಹತ್ತಿ ಅಣ್ಣನ ಪಕ್ಕದಲ್ಲಿ ಕೂತ. ಇಬ್ಬರೂ ಎದುರಿನ ಗೋಡೆ ನೋಡಿದರು. ಕೆಳಗೆ ಮೋಟಾರು ಗುರ್ರೆಂದಿತು, ಕೊಕ್ಕೆ ಕಟ್ಟೆಂದು ಬಿಟ್ಟಿತು. ಕಾರು ಮೆಲ್ಲಗೆ ಇಳಿಯತೊಡಗಿತು. ದೊಡ್ಡವನು ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಗೆ ಚುಚ್ಚಿಕೊಂಡ. ಆಮೇಲೆ ಕೊರಳಿನ ದಾರದಿಂದ ಕೀ ಬಿಚ್ಚಿ, ತಮ್ಮನ ಕಡೆ ನೋಡದೆ ಕಾರಿನ ಕೀ ತೂತಿಗೆ ಹಾಕಿದ. ಅದು ಹೋಗಲಿಲ್ಲ.

"ತಲೆಕೆಳಗೆ ಹಾಕ್ತಿದೀಯ," ಎಂದ ಚಿಕ್ಕವನು.

"ಹನ್ನೊಂದು ವರ್ಷ ಕೊರಳಲ್ಲಿ ಕಟ್ಕೊಂಡಿದೀನಿ, ನನಗೆ ಗೊತ್ತಿಲ್ವೇನೋ?"

ತಿರುಗಿಸಿ ಹಾಕಿದ. ಆಗಲೂ ಹೋಗಲಿಲ್ಲ. ಇಬ್ಬರೂ ಬಗ್ಗಿ ನೋಡುತ್ತಿರುವಾಗ ಲಿಫ್ಟು ನೆಲ ಮುಟ್ಟಿತು.

"ಅದು ನಿಮ್ಮಪ್ಪನ ಕಪಾಟಿಂದು," ಎಂದಳು ಅಮ್ಮ. ಗುಂಡಿ ಡಬ್ಬಿಗೆ ಕೈ ಹಾಕಿ, ತಳದಿಂದ ಒಂದು ಪುಟ್ಟ ಕೀ ತೆಗೆದು ಮುಂದೆ ಚಾಚಿದಳು. "ಕಾರಿಂದು ಇದು."

ಅಣ್ಣತಮ್ಮಂದಿರು ಒಟ್ಟಿಗೆ ಹಿಂದೆ ತಿರುಗಿದರು. "ಅಮ್ಮಾ! ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

ಅಮ್ಮ ಒಂದು ಬಿಳಿ ಗುಂಡಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಕೂತಳು. "ಹೇಳಿದ್ರೆ ನೀವಿಬ್ರೂ ಮಾತಾಡ್ಕೊತಿದ್ರಿ. ಆಮೇಲೆ ದಿನಕ್ಕೆ ಎಂಟು ಸಲ ನನ್ನ ಹತ್ರ ಯಾರ್ರೋ ಬರ್ತಿದ್ರು?"

ಫಿಟ್ಟರ್ ಸ್ಪ್ಯಾನರ್ ಒರೆಸುತ್ತ ಬೇರೆ ಕಡೆ ನೋಡಿದ. ದೊಡ್ಡವನು ತಮ್ಮನ ಮುಖವನ್ನು ನೋಡಿ, ಬೇಕೆಂದೇ ಮುಖ ತಿರುಗಿಸಿದ.

"ಅಮ್ಮಾ, ಆ ಪೆದ್ದನಿಗೆ ಹೇಳು. ನಾಳೆ ನಾಲ್ಕು ಗಂಟೆಗೆ ಕಾರು ತೆಗೀಬೇಕು, ಅಷ್ಟರಲ್ಲಿ ಟೈರಿನ ಚಿಂದಿ ಕೀಳಬೇಕು ಅಂತ."

ಚಿಕ್ಕವನಿಗೆ ಕಣ್ಣು ಮಂಜಾಯಿತು. ಅವನೂ ಕಿಟಕಿಯ ಕಡೆ ತಿರುಗಿದ. "ಅಮ್ಮಾ, ಅವನಿಗೆ ಹೇಳು. ಓಡಿಸೋನು ನಾನೇ ಅಂತ."

ಅಮ್ಮ ಕೋಲೂರಿ ನೆಟ್ಟಗೆ ಕೂತಳು. ತನ್ನ ಮುಂದೆ ಒಂದು ಗೇಣು ಅಂತರದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಇಬ್ಬರಿಗೂ, ಒಂದಕ್ಷರ ಬಿಡದೆ, ಎಲ್ಲವನ್ನೂ ಹೇಳಿದಳು.