ಮೊದಲು ಟೈಲರಮ್ಮನ ಮನೆಯದು

ಹಿತ್ತಲಲ್ಲಿ ಜನರೇಟರ್ ಶುರುವಾಯಿತೆಂದರೆ ಟೈಲರಮ್ಮ ಹೊಲಿಗೆ ಬಿಟ್ಟು ಎದ್ದು ಕಿಟಕಿ ಮುಚ್ಚುತ್ತಿದ್ದಳು, ಆಮೇಲೆ ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆಯ ಮಂಚದ ಪಕ್ಕ ಉಸಿರಿನ ಮಷೀನು ಇತ್ತು. ಕೋಣೆಯ ಗಾಳಿ ಎಳೆದುಕೊಂಡು, ಸೋಸಿ, ತೆಳ್ಳನೆಯ ನಳಿಕೆಯಲ್ಲಿ ಮೂಗಿಗೆ ಆಮ್ಲಜನಕ ಕೊಡುವ ಪೆಟ್ಟಿಗೆ. ಅದು ನಿಂತರೆ ಅತ್ತೆಯ ತುಟಿ ನೀಲಿಯಾಗಲು ಬಹಳ ಹೊತ್ತು ಬೇಕಿರಲಿಲ್ಲ. ಊರಿನ ಕರೆಂಟು ಹೋದಾಗ ಮಷೀನು ನಡೆಯಲು ಜನರೇಟರ್ ಬೇಕಿತ್ತು. ಜನರೇಟರ್ ನಡೆದರೆ ಅದರ ಹೊಗೆ ಕಿಟಕಿಯ ಸಂದಿಯಿಂದ ನುಸುಳಿ ಇದೇ ಕೋಣೆಗೆ ಬರುತ್ತಿತ್ತು.

“ಒಂದು ಕೈಲಿ ಉಸಿರು ಕೊಡ್ತಾನೆ, ಇನ್ನೊಂದು ಕೈಲಿ ಕಿತ್ಕೋತಾನೆ ಈ ಮಹಾರಾಯ,” ಎಂದು ಅತ್ತೆ ಕೆಮ್ಮುತ್ತಲೇ, ಹಿತ್ತಲಲ್ಲಿ ಜನರೇಟರ್ ಇಟ್ಟು ಮನೆಗಳಿಗೆ ದುಡ್ಡಿಗೆ ಕರೆಂಟು ಕೊಡುತ್ತಿದ್ದವನನ್ನು ಬೈಯುತ್ತಿದ್ದರು.

ಬೀದಿಯವರು ಸೇರಿ ಬಿಸಿಲಿನ ಕರೆಂಟಿನ ಸಂಘ ಕಟ್ಟಿಕೊಂಡದ್ದು ಈ ಹೊಗೆಯ ಕಾಟಕ್ಕೇ. ತಾರಸಿಗಳ ಮೇಲೆ ಸೋಲಾರ್ ಪ್ಯಾನಲ್ಲು, ಮೂಲೆಯ ಖಾಲಿ ಅಂಗಡಿಯಲ್ಲಿ ಬ್ಯಾಟರಿಗಳು, ಎಲ್ಲ ಮನೆಗೂ ಸೇರಿ ಒಂದು ಲೈನು. ಕೆಲಸದಿಂದ ನಿವೃತ್ತರಾದ ಬಸ್ ಕಂಡಕ್ಟರ್ ಅದಕ್ಕೆ ಅಧ್ಯಕ್ಷರು. ವೈರಿಂಗ್ ಕೆಲಸವೆಲ್ಲ ಅದೇ ಬೀದಿಯ ಒಬ್ಬ ಹೆಂಗಸಿನದು. ಎಲ್ಲರೂ ಅವಳನ್ನು ವೈರಮ್ಮ ಎನ್ನುತ್ತಿದ್ದರು.

ಟೈಲರಮ್ಮ ಎಲ್ಲರಿಗಿಂತ ಕಡೆಗೆ ಒಪ್ಪಿದವಳು. ಅದೂ ಅತ್ತೆಯ ಕಾಟ ತಡೆಯಲಾರದೆ.

“ಅತ್ತೆ, ಆ ಕಂಡಕ್ಟರಣ್ಣನ ಮಾತು ಹೇಗೆ ನಂಬೋದು? ನಿಲ್ಲೋಕೆ ಜಾಗ ಇಲ್ಲದಿದ್ರೂ ಮುಂದೆ ಹೋಗಿ, ಮುಂದೆ ಖಾಲಿ ಇದೆ ಅಂತ ಜನ್ಮವೆಲ್ಲ ಕೂಗಿದ ಬಾಯಿ ಅದು.”

“ಆದ್ರೂ ಬಸ್ಸು ಊರು ಸೇರ್ತಿತ್ತಲ್ಲ!” ಎಂದರು ಅತ್ತೆ.

ಸಂಘದ ನಿಯಮ ಒಂದಿತ್ತು. ಸೇರಿದವರು ಜನರೇಟರ್ ವೈರನ್ನು ಬಿಚ್ಚಿಸಬೇಕು. ಒಂದೇ ಮನೆಗೆ ಎರಡು ಕಡೆಯ ಕರೆಂಟು ಬಂದರೆ ಅಪಾಯ. ವೈರು ಬಿಚ್ಚಲು ಬಂದ ಜನರೇಟರಿನವನು ಸ್ಟೂಲಿನ ಮೇಲೆ ನಿಂತು, ಕೆಳಗೆ ನೋಡದೆ ಒಂದು ಮಾತು ಬಿಟ್ಟ.

“ಒಂದು ಕೇಳ್ತೀನಿ ತಂಗೀ. ಮೋಡ ಮುಚ್ತು ಅಂದ್ಕೊಳ್ಳಿ, ಬ್ಯಾಟರಿ ಇಳೀತು. ಆಗ ಯಾರ ಮನೇದು ಮೊದಲು ಆರಿಸ್ತಾರೆ? ಜಾಸ್ತಿ ಎಳೆಯೋ ಮನೇದು ತಾನೆ? ನಿಮ್ಮ ಈ ಪೆಟ್ಟಿಗೆ ಹಗಲೂ ರಾತ್ರಿ ಎಳೀತಾನೇ ಇರುತ್ತೆ.”

ಅವನು ತನ್ನ ವ್ಯಾಪಾರ ಉಳಿಸಿಕೊಳ್ಳಲು ಆಡುತ್ತಿದ್ದಾನೆಂದು ಟೈಲರಮ್ಮನಿಗೆ ಗೊತ್ತಿತ್ತು. ಗೊತ್ತಿದ್ದರೂ ಆ ಮಾತು ಮುಳ್ಳಿನ ಹಾಗೆ ಒಳಗೆ ಮುರಿದುಕೊಂಡಿತು.

“ವೈರು ಹಾಗೇ ಇರ್ಲಿ ಅಣ್ಣ,” ಎಂದಳು ಮೆಲ್ಲಗೆ. “ಅಟ್ಟದ ಹಿಂದೆ ಸರಿಸಿಬಿಡಿ. ಯಾರಿಗೂ ಕಾಣಬಾರದು.”

ಅಂದು ಸಂಜೆ ಅವಳು ತಾರಸಿಯಲ್ಲಿ ಒಗೆದ ಬಟ್ಟೆ ತೆಗೆಯುತ್ತಿದ್ದಳು. ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ಪ್ಯಾನಲ್ಲು ನೋಡಲು ಕಂಡಕ್ಟರ್ ಮತ್ತು ವೈರಮ್ಮ ಬಂದಿದ್ದರು. ಒಣಹಾಕಿದ ದೊಡ್ಡ ಹೊದಿಕೆಯ ಹಿಂದೆ ಅವಳಿರುವುದು ಇಬ್ಬರಿಗೂ ಕಾಣಲಿಲ್ಲ.

“ನಾಳೆ ಕಂಬದ ಕೆಲಸ ಅಂತೆ, ಮಧ್ಯಾಹ್ನ ಊರಿನ ಲೈನ್ ಇರಲ್ಲ,” ಎಂದರು ಕಂಡಕ್ಟರ್. “ನಮಗೆ ಮೊದಲ ಪರೀಕ್ಷೆ. ಲೈನ್ ಹೋದ ತಕ್ಷಣ ಮೊದಲು ಟೈಲರಮ್ಮನ ಮನೆ ಕರೆಂಟ್ ತೆಗಿ.”

“ಅದೊಂದೇ ಸಾಲುತ್ತಾ?”

“ಸಾಲದಿದ್ರೆ ಪಕ್ಕದ ಮನೇದೂ ತೆಗಿ. ಮಿಕ್ಕವರದ್ದು ಆಮೇಲೆ ನೋಡೋಣ.”

ಟೈಲರಮ್ಮ ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ಬಟ್ಟೆಯ ಕ್ಲಿಪ್ಪು ಹಾಗೇ ಉಳಿಯಿತು. ಅವರಿಬ್ಬರೂ ಇಳಿದು ಹೋದ ಮೇಲೂ ಅವಳು ಹೊದಿಕೆಯ ಹಿಂದೆಯೇ ನಿಂತಿದ್ದಳು. ಪ್ಯಾನಲ್ಲು ಹಾಕಲು ಇವಳ ತಾರಸಿ ಬೇಕು. ಕತ್ತಲೆಯಲ್ಲಿ ಕೂರಿಸಲು ಇವಳ ಮನೆಯೇ ಮೊದಲು ಬೇಕು! ಎಷ್ಟು ನಯವಾಗಿ ಅಕ್ಕ, ತಂಗಿ ಅಂದುಕೊಂಡು ತಲೆ ಸವರಿದ್ದರಲ್ಲ.

ಅತ್ತೆಗೆ ಅವಳು ಹೇಳಲಿಲ್ಲ. ಹೇಳಿದರೆ ಭಯಕ್ಕೇ ಉಸಿರು ಏರುತ್ತದೆ. ಜನರೇಟರಿನವನಿಗೆ ಮಾತ್ರ ಸುದ್ದಿ ಮುಟ್ಟಿಸಿದಳು. ನಾಳೆ ಲೈನು ಹೋಗುತ್ತಿದ್ದಂತೆ ಎಂಜಿನ್ ಶುರು ಮಾಡಬೇಕು. ಅವರು ತೆಗೆಯುವ ಮೊದಲೇ ಅವಳು ಸ್ವಿಚ್ ತಿರುಗಿಸುತ್ತಾಳೆ.

ಮರುದಿನ ಬೆಳಗಿನಿಂದ ಒಂದು ತೋಳೂ ಸರಿಯಾಗಿ ಕೂರಲಿಲ್ಲ. ಯಾರದೋ ರವಿಕೆಗೆ ತೋಳು ಉಲ್ಟಾ ಹೊಲಿದು, ಬಿಚ್ಚಿ, ಮತ್ತೆ ಉಲ್ಟಾ ಹೊಲಿದಳು. ಬೀದಿಯಲ್ಲಿ ವೈರಮ್ಮ ಏಣಿ ಹೊತ್ತು ಹೋದರೆ ಬಾಗಿಲ ಮರೆಯಿಂದ ನೋಡಿದಳು. ವೈರಮ್ಮ ನಕ್ಕರೆ, ಇವಳು ಯಾಕೆ ನಗುತ್ತಿದ್ದಾಳೆ ಎಂದುಕೊಂಡಳು. ನಗದೆ ಹೋದರೆ ಅದಕ್ಕೂ ಅರ್ಥ ಹುಡುಕಿದಳು.

“ಏನೇ, ಬೆಕ್ಕು ಇಲಿ ಕಾದಹಾಗೆ ಸ್ವಿಚ್ ಬೋರ್ಡು ಕಾಯ್ತಿದೀಯ?” ಎಂದರು ಅತ್ತೆ.

“ಸುಮ್ನೆ ಮಲಗಿ ಅತ್ತೆ.”

ಮಧ್ಯಾಹ್ನ ಫ್ಯಾನು ನಿಧಾನವಾಯಿತು. ಊರಿನ ಲೈನು ಹೋಯಿತು. ಫ್ಯಾನು ಮತ್ತೆ ಚುರುಕಾಗುವಷ್ಟರಲ್ಲಿ ಟೈಲರಮ್ಮ ಸಂಘದ ದೊಡ್ಡ ಸ್ವಿಚ್ಚನ್ನೇ ಕೆಳಗೆಳೆದು ಜನರೇಟರಿನದನ್ನು ಮೇಲೆತ್ತಿದಳು. ಮಷೀನು ಕೀ ಎಂದು ಕೂಗಿ, ಸುಮ್ಮನಾಗಿ, ಮತ್ತೆ ಗುನುಗತೊಡಗಿತು. ಹಿತ್ತಲಲ್ಲಿ ಎಂಜಿನ್ ಆಗಲೇ ಅಬ್ಬರಿಸುತ್ತಿತ್ತು. ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು.

ಅಷ್ಟರಲ್ಲಿ ಬೀದಿಯ ಕಡೆಯಿಂದ ಕೂಗು ಕೇಳಿತು. ಇಸ್ತ್ರಿ ಅಂಗಡಿಯವನ ಇಸ್ತ್ರಿ ಪೆಟ್ಟಿಗೆ ಆರಿಹೋಗಿತ್ತು. ಎದುರು ಮನೆಯ ಪಂಪು ನಿಂತಿತ್ತು. ಇಡೀ ಬೀದಿಯ ಕರೆಂಟು ಹೋಗಿತ್ತು. ಚಪ್ಪಲಿಗಳ ಸದ್ದು ಒಟ್ಟಾಗಿ ಇವಳ ಬಾಗಿಲಿಗೇ ಬಂತು.

“ಏನಮ್ಮಾ ಇದು!” ಕಂಡಕ್ಟರ್ ಏದುಸಿರು ಬಿಡುತ್ತಿದ್ದರು. “ಜನರೇಟರ್ ಸದ್ದು ನಿಮ್ಮನೇದಾ? ಸ್ವಿಚ್ ಯಾಕೆ ಇಳಿಸಿದ್ರಿ?”

“ನೀವು ತೆಗೆಯೋ ಮುಂಚೆ ನಾನೇ ತೆಗೆದೆ. ಎಲ್ಲಾ ಕೇಳಿಸ್ಕೊಂಡಿದೀನಿ ಅಣ್ಣ. ಮೊದಲು ಟೈಲರಮ್ಮನ ಮನೆ ಕರೆಂಟ್ ತೆಗಿ ಅಂದಿಲ್ವಾ ನೀವು? ಒಳಗೆ ಮುದುಕಿ ಮಲಗಿರೋದು ಗೊತ್ತಿದ್ದೂ?”

“ಅಂದೆ. ಅದಕ್ಕೇನೀಗ?”

“ನೋಡಿ, ಒಪ್ಕೊಂಡೂ ಬಿಟ್ರು!”

ಕಂಡಕ್ಟರ್ ವೈರಮ್ಮನನ್ನು ನೋಡಿದರು, ವೈರಮ್ಮ ಕಂಡಕ್ಟರನ್ನು ನೋಡಿದಳು. ಮೊದಲು ಅವಳಿಗೇ ಹೊಳೆಯಿತು. ಹಣೆ ಚಚ್ಚಿಕೊಂಡಳು.

“ಅಯ್ಯೋ ಅಕ್ಕಾ! ತೆಗೆಯೋದು ಅಂದ್ರೆ ಕಟ್ ಮಾಡೋದಲ್ಲ. ಮೊಸರಿಂದ ಬೆಣ್ಣೆ ತೆಗೆದ ಹಾಗೆ, ನಿಮ್ಮ ತಾರಸಿಯಿಂದ ಕರೆಂಟ್ ತೆಗೆಯೋದು! ಬೀದೀಲೆಲ್ಲ ನಿಮ್ಮದೇ ದೊಡ್ಡ ತಾರಸಿ, ನೆರಳೇ ಬೀಳಲ್ಲ. ಬ್ಯಾಟರಿ ಇನ್ನೂ ತುಂಬಿಲ್ಲ. ಅದಕ್ಕೇ ಮೊದಲು ನಿಮ್ಮದು, ಸಾಲದಿದ್ರೆ ಪಕ್ಕದವರದ್ದು. ನಿಮ್ಮ ತಾರಸಿಯ ಕರೆಂಟ್ ಬೀದಿಗೆ ಹೋಗೋದೂ ಇದೇ ಸ್ವಿಚ್ಚಿಂದ, ನೀವು ಇಳಿಸಿದ ತಕ್ಷಣ ಎಲ್ಲರದ್ದೂ ಹೋಯ್ತು.”

ಯಾರೋ ಹಿಂದೆ ಕಿಸಕ್ಕೆಂದರು. ಒಳಗಿನಿಂದ ಅತ್ತೆಯ ಕೆಮ್ಮು ಶುರುವಾಯಿತು, ಹೊಗೆ ಬಂದಿತ್ತು. ಟೈಲರಮ್ಮ ಅತ್ತ ನೋಡಿದಳು. ಕೆಮ್ಮು ನಿಲ್ಲಲಿಲ್ಲ. ಆದರೂ ಅವಳು ಸ್ವಿಚ್ಚಿನ ಮುಂದಿನಿಂದ ಅಲುಗಲಿಲ್ಲ.

“ಸರಿ, ನನ್ನ ಕಿವಿಯದೇ ತಪ್ಪು. ಈಗ ಇದಕ್ಕೆ ಹೇಳಿ. ಮೋಡ ಮುಚ್ಚಿ ಬ್ಯಾಟರಿ ಇಳಿದ್ರೆ ಮೊದಲು ಯಾರ ಮನೇದು ಆರುತ್ತೆ?”

ನಗು ನಿಂತಿತು.

“ಅದನ್ನ... ನಾವು ಮಾತಾಡೇ ಇಲ್ಲಮ್ಮ,” ಎಂದರು ಕಂಡಕ್ಟರ್.

“ನಂಗೊತ್ತಿತ್ತು,” ಎಂದಳು ಅವಳು. ಅದು ಗೆದ್ದ ದನಿಯಲ್ಲ. “ಮಾತಾಡಿ. ಇಲ್ಲೇ ನಿಂತು ಮಾತಾಡಿ. ಅಲ್ಲೀವರೆಗೂ ಇದನ್ನ ಎತ್ತಲ್ಲ.”

ಹೊಸ್ತಿಲಲ್ಲೇ ಮಾತಾಯಿತು. ಮೊದಲು ಪಂಪು ನಿಲ್ಲಲಿ ಎಂದು ಒಬ್ಬರು. ಇಸ್ತ್ರಿ ಪೆಟ್ಟಿಗೆಯೇ ಎಲ್ಲಕ್ಕಿಂತ ಜಾಸ್ತಿ ಎಳೆಯುತ್ತದೆ ಎಂದು ವೈರಮ್ಮ. ಇಸ್ತ್ರಿಯವನು ಮೂಗು ಮುರಿದ. “ಎಲ್ಲದಕ್ಕೂ ನಾನೇ ಸಿಗ್ತೀನಾ? ಮುದುರಿದ ಷರ್ಟು ಹಾಕ್ಕೊಂಡು ಓಡಾಡ್ತೀರಾ ಹಾಗಾದ್ರೆ?” ಒಳಗೆ ಕೆಮ್ಮು ಜೋರಾಯಿತು. ಅವನು ಆ ಕಡೆ ಕಿವಿಗೊಟ್ಟು ನಿಂತ. ಆಮೇಲೆ, “ಆಯ್ತು, ಬ್ಯಾಟರಿ ಇಳಿದ್ರೆ ಮೊದಲು ನಂದೇ ಆರ್ಸಿ,” ಎಂದ. “ಈ ಮನೇದು ಮಾತ್ರ ಕಡೇದು. ಅಲ್ವೇನ್ರೀ?”

ಎಲ್ಲರೂ ಹೂಂ ಎಂದರು. ಟೈಲರಮ್ಮ ಒಬ್ಬೊಬ್ಬರ ಮುಖವನ್ನೂ ಅಳತೆ ತೆಗೆಯುವವಳಂತೆ ನೋಡಿದಳು. ಪೂರ್ತಿ ನಂಬಿಕೆ ಬಂತೆಂದಲ್ಲ. ಆದರೆ ನಾಳೆ ಮಾತು ತಪ್ಪಿದರೆ ಯಾರ ಬಾಗಿಲು ಬಡಿಯಬೇಕೆಂದು ಅವಳಿಗೀಗ ಗೊತ್ತಿತ್ತು. ಆ ಬಾಗಿಲುಗಳೆಲ್ಲ ಇದೇ ಬೀದಿಯಲ್ಲಿದ್ದವು.

“ಏ, ನಿಮ್ಮ ಸಭೆ ಮುಗಿಯೋದ್ರೊಳಗೆ ನಾನೇ ಮುಗೀತೀನೇನೋ!” ಎಂದು ಅತ್ತೆ ಕೂಗಿದರು.

ಅವಳು ಜನರೇಟರಿನ ಸ್ವಿಚ್ಚು ಇಳಿಸಿ ಸಂಘದ್ದನ್ನು ಎತ್ತಿದಳು. ಮಷೀನು ಕೀ ಎಂದಿತು. ಗುನುಗು ಮರಳಿ ಬಂತು. ಹಿತ್ತಲ ಕಡೆ ಎಂಜಿನ್ ನಿಲ್ಲಿಸುವಂತೆ ಕೂಗಿ ಹೇಳಿ, ಅವಳು ಕಿಟಕಿಯನ್ನು ಪೂರ್ತಿ ತೆರೆದಳು. ವೈರಮ್ಮ ಏಣಿ ತಂದು ಅಟ್ಟದ ಹಿಂದಿನ ವೈರಿಗೆ ಕೈ ಹಾಕಿದಳು. ಟೈಲರಮ್ಮ ಬೇಡವೆನ್ನಲಿಲ್ಲ. ಮಂಚದ ಅಂಚಿಗೆ ಕೂತು ಅತ್ತೆಯ ಬೆನ್ನು ನೀವತೊಡಗಿದಳು. ಕಿವಿ ಮಾತ್ರ ಮಷೀನಿನ ಕಡೆಗೇ ಇತ್ತು.