ಕನ್ನಡಿಗೆ ಬಿದ್ದ ಏಟು

ಅಣ್ಣ ತಂಗಿ ಇಬ್ಬರೂ ಒಂದೇ ಖಗೋಳ ವೀಕ್ಷಣಾಲಯದಲ್ಲಿ ವಿಜ್ಞಾನಿಗಳು. ಅಲ್ಲಿ ಅಣ್ಣ ಹಾಕಿದ ಗೆರೆ ದಾಟುವವರಿರಲಿಲ್ಲ. ತಂಗಿಯನ್ನು ಮನೆಯಲ್ಲೂ ಕೆಲಸದಲ್ಲೂ ಎಲ್ಲರೂ ಚಿಕ್ಕಿ ಎಂದೇ ಕರೆಯುತ್ತಿದ್ದರು.

ದೊಡ್ಡ ನಕ್ಷತ್ರಗಳು ಸಾಯುವಾಗ ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಅಪರೂಪಕ್ಕೆ ಕೆಲವು ನಕ್ಷತ್ರಗಳು ಗಾಮಾ ಕಿರಣಗಳನ್ನು ಕಾರಿ ಇನ್ನೂ ಭೀಕರವಾಗಿ ಸಾಯುತ್ತವೆ. ಎರಡೂ ಒಂದೇ ಬಗೆಯ ಗೆಲಾಕ್ಸಿಗಳಲ್ಲಿ ನಡೆಯುತ್ತವೆ ಎಂಬ ವಾದದಿಂದಲೇ ಅಣ್ಣನಿಗೆ ಹೆಸರು ಬಂದಿತ್ತು. ಚಿಕ್ಕಿ ವರ್ಷಗಟ್ಟಲೆ ಚಿತ್ರಗಳನ್ನು ಅಳೆದಳು. ಸೂಪರ್‌ನೋವಾಗಳು ದೊಡ್ಡ ಸುರುಳಿ ಗೆಲಾಕ್ಸಿಗಳ ಉದ್ದಗಲಕ್ಕೂ ಚದುರಿದ್ದವು. ಗಾಮಾ ಸ್ಫೋಟಗಳು ಹೆಚ್ಚಾಗಿ ಸೊಟ್ಟಂಬಟ್ಟ ಪುಟ್ಟ ಗೆಲಾಕ್ಸಿಗಳಲ್ಲಿದ್ದವು, ಅದೂ ಅವುಗಳ ಅತಿ ಪ್ರಕಾಶದ ಮೂಲೆಗಳಲ್ಲಿ.

"ಇವತ್ತಿನ ಸಭೇಲಿ ಹೇಳೋಕೆ ಮುಂಚೆ ನಿಂಗೇ ಹೇಳ್ತಿದ್ದೀನಿ, ಅಣ್ಣಾ," ಎಂದಳು, ಅವನ ಕೋಣೆಗೆ ಹೋಗಿ.

"ನಿಂಗೆ ಕೆಲಸ ಕೊಡಿಸಿದೋನು ನಾನು. ಉಂಡ ಮನೆಗೆ ಎರಡು ಬಗೀಬೇಡ."

"ತಪ್ಪಿದ್ರೆ ತೋರ್ಸು, ಈಗ್ಲೇ ಬಿಟ್ಬಿಡ್ತೀನಿ."

ಅವನು ತೋರಿಸಲಿಲ್ಲ. ಕೆನ್ನೆಗೆ ಬಾರಿಸಿದ. ಅವಳ ಕನ್ನಡಕ ಹಾರಿ ಬೀರುವಿನ ಕೆಳಗೆ ಬಿತ್ತು. ಚಿಕ್ಕಿ ತಡಕಾಡಿ ಎತ್ತಿಕೊಂಡು, ಬಿರುಕು ಗಾಜಿನಲ್ಲೇ ಸಭೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಒಬ್ಬೊಬ್ಬರಾಗಿ ತಲೆದೂಗಿದರು. ಅಣ್ಣ ಕುರ್ಚಿ ಒದ್ದು ಹೊರಬಿದ್ದ.

ಸ್ವಲ್ಪ ಹೊತ್ತಿಗೆ ಮೇಲೆ ಗಾಜು ಒಡೆದ ಸದ್ದಾಯಿತು. ಚಿಕ್ಕಿ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದಳು. ಗುಮ್ಮಟದೊಳಗೆ ಅಣ್ಣ ದೊಡ್ಡ ಸ್ಪ್ಯಾನರಿನಿಂದ ದೂರದರ್ಶಕದ ಕನ್ನಡಿಯನ್ನು ಚಚ್ಚುತ್ತಿದ್ದ. ತಡೆಯಲು ಹೋಗಿದ್ದ ಮೆಕ್ಯಾನಿಕ್ ತಲೆ ಹಿಡಿದು ನೆಲದ ಮೇಲೆ ಕೂತಿದ್ದ. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು.

"ಇನ್ಮೇಲೆ ಅದೇನು ನೋಡ್ತೀಯೋ ನೋಡು!" ಎಂದು ಅಣ್ಣ ಮತ್ತೆ ಕೈ ಎತ್ತಿದ.

ಚಿಕ್ಕಿ ಬಲಗೈ ಅಡ್ಡ ಹಾಕಿದಳು. ಮೂಳೆ ಲಟಕ್ಕೆಂದಿತು. ನೋವಿಗಿಂತ ಮೊದಲು ರೋಷ ಬಂತು. ಭುಜ ಕೊಟ್ಟು ಅವನನ್ನು ಗಾಜಿನ ಚೂರುಗಳ ಮೇಲೆ ಕೆಡವಿ, ಎದೆಗೆ ಮಂಡಿಯೂರಿದಳು. ಅವನು ಅವಳ ಕೂದಲು ಕಿತ್ತ, ಮುಖ ಪರಚಿದ. ಜನ ಬರುವವರೆಗೂ ಅವಳು ಏಳಗೊಡಲಿಲ್ಲ.

ಆಸ್ಪತ್ರೆಯಲ್ಲಿ ಅಮ್ಮ ಪಿಸುಗುಟ್ಟಿದಳು: "ಮನೆ ಮಾತು ಬೀದಿಗೆ ತರ್ಬೇಡ್ವೇ. ಪೊಲೀಸ್ನೋರಿಗೆ ಜಾರಿ ಬಿದ್ದೆ ಅಂತ ಹೇಳ್ಬಿಡು."

"ಮೆಕ್ಯಾನಿಕ್ಕೂ ಜಾರಿ ಬಿದ್ನಾ, ಅಮ್ಮ?"

ಚಿಕ್ಕಿ ಎಡಗೈಯಲ್ಲೇ ದೂರಿಗೆ ಸಹಿ ಹಾಕಿದಳು.

ಅಣ್ಣನಿಗೆ ಜೈಲಾಯಿತು. ಕೈ ಕೂಡಿದ ಮೇಲೆ ಚಿಕ್ಕಿಯೇ ಅಮ್ಮನನ್ನು ಕಾರಿನಲ್ಲಿ ಜೈಲಿನ ಬಾಗಿಲವರೆಗೆ ಕರೆದೊಯ್ಯುತ್ತಿದ್ದಳು. ತಾನು ಮಾತ್ರ ಒಳಗೆ ಹೋಗುತ್ತಿರಲಿಲ್ಲ.

"ಸೊರಗಿ ಕಡ್ಡಿ ಆಗಿದಾನೆ ಕಣೇ," ಎಂದು ಅಮ್ಮ ಹೊರಬಂದು ಕಣ್ಣೊರೆಸಿಕೊಂಡು ಕೂರುತ್ತಿದ್ದಳು. ಚಿಕ್ಕಿ ಕಾರು ತಿರುಗಿಸುತ್ತಿದ್ದಳು.