ಕಡಲಿನ ಕೋಟು

"ಯಾವುದಕ್ಕೆ ಬೇಕು ಅಂತ ಹೇಳು ಮಾರಾಯ. ದೋಣಿಗೋ ಶೆಡ್ಡಿಗೋ?" ಅಂಗಡಿಯ ಓಡ್ನಿ ಮತ್ತೆ ಕೇಳಿದಳು.

ಯಾಲ್ಮಾರ್ ಕಿತ್ತಳೆ ಬಣ್ಣದ ಮಳೆಕೋಟಿನ ತೋಳನ್ನು ಎರಡು ಬೆರಳುಗಳ ನಡುವೆ ತಿಕ್ಕಿ ನೋಡುತ್ತಿದ್ದ. "ಕೆಲಸಕ್ಕೆ" ಎಂದ.

"ಚರ್ಚಿಗೆ ಹಾಕ್ಕೊಂಡು ಹೋಗ್ತೀಯ ಅಂತ ನಾನೂ ಅಂದ್ಕೊಂಡಿರ್ಲಿಲ್ಲ ಬಿಡು."

ಅವನು ನಗಲಿಲ್ಲ. ಅಂಗಡಿಯ ಒಂದು ಗೋಡೆಯ ತುಂಬ ಕೋಟು, ಪ್ಯಾಂಟು. ಎದುರಿನ ಗೋಡೆಯ ತುಂಬ ಏಪ್ರನ್. ನಡುವೆ ನಿಂತು ಅವನು ಆಗಲೇ ಬಹಳ ಹೊತ್ತಾಗಿತ್ತು. ಹೊರಗೆ ಹಿಮ ಅಡ್ಡಡ್ಡಲಾಗಿ ಬೀಸುತ್ತಿತ್ತು.

ಚಳಿಗಾಲದ ಕಾಡ್ ಮೀನಿನ ಹಂಗಾಮಿಗೆ ಮುಂಚೆ ದೋಣಿಯ ಒಡೆಯರೇ ತಮ್ಮ ಜನಕ್ಕೆ ಉಡುಪು ತಂದುಕೊಡುವುದು ಆ ಬಂದರಿನ ರೂಢಿ. ಕಡಲಿಗೆ ಹೋಗುವವನ ಗೂಟಕ್ಕೆ ಕೋಟು, ದಡದ ಶೆಡ್ಡಿನಲ್ಲಿ ನಿಂತು ಗಾಳಗಳಿಗೆ ಎರೆ ಸಿಕ್ಕಿಸುವವನ ಗೂಟಕ್ಕೆ ಏಪ್ರನ್. ನೀನು ಇನ್ನು ದೋಣಿಗೆ ಬೇಡ ಎಂದು ಯಾರೂ ಯಾರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಬೆಳಿಗ್ಗೆ ಕೋಟಿನ ಜಾಗದಲ್ಲಿ ಏಪ್ರನ್ ತೂಗುತ್ತಿರುತ್ತದೆ, ಅವನು ಅದನ್ನು ಕಟ್ಟಿಕೊಂಡು ಶೆಡ್ಡಿನೊಳಗೆ ಹೋಗುತ್ತಾನೆ. ತಾನು ದೋಣಿ ನಡೆಸುತ್ತಿದ್ದ ಕಾಲದಲ್ಲಿ ಯಾಲ್ಮಾರನೂ ಒಬ್ಬನ ಗೂಟಕ್ಕೆ ಹಾಗೆ ಏಪ್ರನ್ ತೂಗುಹಾಕಿದ್ದುಂಟು. ಮಾರನೆಯ ದಿನ ಆ ಮನುಷ್ಯ ಎಂದಿನಂತೆ ಹವಾಮಾನದ ಮಾತಾಡಿದ್ದ. ಇವನೂ ಆಡಿದ್ದ.

ಈಗ ದೋಣಿ ಮಗಳು ಸಿನ್ನೋವೆಯದು. ಹಿಂದಿನ ದಿನ ಅವಳು ಎಂಜಿನ್ನಿನ ಸದ್ದಿನ ನಡುವೆಯೇ ಫೋನು ಮಾಡಿ, ಅಂಗಡಿಗೆ ಹೋಗಿ ನಿನಗೆ ಬೇಕಾದ್ದನ್ನು ತಗೊ, ಬೆಚ್ಚಗಿರುವಂಥದ್ದೇ ತಗೊ ಎಂದಿದ್ದಳು. ಯಾವುದು ಎಂದು ಹೇಳಲಿಲ್ಲ. ಇವನು ಕೇಳಲಿಲ್ಲ. ಒಡೆಯನನ್ನು ಅಂಥದ್ದು ಕೇಳುವ ಪದ್ಧತಿಯೇ ಇಲ್ಲ. ರಾತ್ರಿಯಿಡೀ ಅವನು ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ್ದ. ಬೆಚ್ಚಗೆ ಎಂದಳಲ್ಲ, ಹಾಗಾದರೆ ಕಡಲೇ ಇರಬೇಕು, ಚಳಿ ಇರುವುದು ಅಲ್ಲಿ. ಆದರೆ ಕಡಲಿಗೆ ಹೋಗುವವರು ಬೆಚ್ಚಗೆ ಎನ್ನುವುದಿಲ್ಲ, ಮೈ ಒದ್ದೆಯಾಗಬಾರದು ಎನ್ನುತ್ತಾರೆ. ಬೆಚ್ಚಗೆ ಎನ್ನುವುದು ಒಲೆಯಿರುವ ಶೆಡ್ಡಿನ ಮಾತು. ಅಥವಾ ಅವಳು ಏನನ್ನೂ ಯೋಚಿಸದೆ ಬರೀ ಮಗಳಾಗಿ ಹೇಳಿದ್ದೋ ಏನೋ.

"ನಿಮ್ಮ ದೋಣಿಗೆ ಬಂದ ಆ ಲಿಥುವೇನಿಯದ ಹುಡುಗ ವೀತಾಸ್ ನೆನ್ನೆ ಬಂದಿದ್ದ" ಎಂದಳು ಓಡ್ನಿ, ಪೆಟ್ಟಿಗೆಯೊಂದನ್ನು ಬಿಚ್ಚುತ್ತ. "ಅವನನ್ನೂ ಸಿನ್ನೋವೆನೇ ಕಳಿಸಿದ್ದಂತೆ. ನಿನ್ನ ಹಾಗಲ್ಲಪ್ಪ. ಬಂದ, ತಗೊಂಡ, ಹೋದ."

ಯಾಲ್ಮಾರ್ ಕೋಟಿನ ಮೇಲೇ ಕಣ್ಣಿಟ್ಟು, ಏನು ತಗೊಂಡ ಎಂದು ಕೇಳಿದ.

"ಎರಡೂ."

ಹುಡುಗನದು ತಿಳಿದರೆ ತನ್ನದೂ ತಿಳಿಯುತ್ತದೆ, ದಾರಿ ಕಂಡಿತು ಎಂದುಕೊಂಡಿದ್ದವನಿಗೆ ಮತ್ತೆ ಮಂಜು ಮುಸುಕಿದಂತಾಯಿತು. ದೋಣಿಯ ಅಂಚಿನಲ್ಲಿ, ನೀರಿನಿಂದ ಮೇಲೆ ಬರುವ ಗಾಳದ ಹಗ್ಗದ ಎದುರು ಕೊಕ್ಕೆ ಹಿಡಿದು ನಿಲ್ಲುವ ಜಾಗ ಒಂದೇ. ಇಷ್ಟು ವರ್ಷ ಅದು ಯಾಲ್ಮಾರನದು. ಹೋದ ಚಳಿಗಾಲದಲ್ಲಿ ಹಗ್ಗ ನಿಲ್ಲಿಸು ಎಂದು ಸಿನ್ನೋವೆ ಕೂಗಿದ್ದು ಅವನಿಗೆ ಕೇಳಿಸಿರಲಿಲ್ಲ. ಪಕ್ಕದಲ್ಲಿದ್ದವನ ಅಂಗೈಯನ್ನು ಗಾಳ ಸೀಳಿಕೊಂಡು ಹೋಗಿತ್ತು. ಗಾಳಿ ಜೋರಿತ್ತು ಎಂದರು ಎಲ್ಲರೂ. ಸಿನ್ನೋವೆಯೂ ಹಾಗೇ ಎಂದಳು. ಗಾಳಿ ಅಷ್ಟೇನೂ ಜೋರಿರಲಿಲ್ಲ ಎಂಬುದು ಯಾಲ್ಮಾರನಿಗೆ ಗೊತ್ತಿತ್ತು.

ತಲೆಗವಸು ಕಿವಿ ಮುಚ್ಚದಂಥ ಕೋಟು ಇದೆಯೇ ಎಂದು ಅವನು ವಿಚಾರಿಸಿದ.

"ಕಿವಿ ಮುಚ್ಚದಿದ್ರೆ ಅದು ಟೋಪಿ" ಎಂದಳು ಓಡ್ನಿ. ಆಮೇಲೆ ಅವನ ಮುಖ ನೋಡಿ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟಳು. ಏಣಿ ಹತ್ತಿ ಮೇಲಿನಿಂದ ಒಂದೊಂದಾಗಿ ಇಳಿಸಿ ಕೊಟ್ಟಳು. ದಪ್ಪನೆಯದು ಹಾಕಿಕೊಂಡರೆ ಕೈ ಮಡಚುವುದೇ ಕಷ್ಟ. ತೆಳುವಾದದ್ದು ಗಾಳದ ಮೊನೆಗೆ ಹರಿಯುತ್ತದೆ. ಹಸಿರು ಬಣ್ಣದ್ದು ಮೈಗೆ ಸರಿಹೋಗುತ್ತಿತ್ತು, ಆದರೆ ನೀರಿಗೆ ಬಿದ್ದರೆ ಕಾಣಿಸುವುದಿಲ್ಲ. ಪ್ರತಿಯೊಂದರ ತಲೆಗವಸನ್ನೂ ಎಳೆದುಕೊಂಡು ಅವನು ಸುಮ್ಮನೆ ನಿಂತು ಆಲಿಸಿದ. ಬಟ್ಟೆಯ ಸರಪರ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅಂಗಡಿಯಲ್ಲಿ ಕೇಳಿಸುವಂಥದ್ದೇನಾದರೂ ಇತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ.

ಕೊನೆಗೆ ಮೊದಲು ಮುಟ್ಟಿದ್ದ ಕಿತ್ತಳೆ ಕೋಟನ್ನೇ ಹಾಕಿಕೊಂಡು ಹೊರಟುಬಿಟ್ಟ. ಬಾಗಿಲ ಹೊರಗೆ ನಿಂತು ಒಮ್ಮೆ ಹಿಂದಕ್ಕೆ ತಿರುಗಿದ, ಏಪ್ರನ್‌ಗಳ ಕಡೆ ನೋಡಿದ, ಮತ್ತೆ ನಡೆದ.

ದೋಣಿಯ ಮೇಲೆ ವೀತಾಸ್ ಹಗ್ಗದ ತೊಟ್ಟಿಗಳನ್ನು ಜೋಡಿಸುತ್ತಿದ್ದ. ಸಿನ್ನೋವೆ ಎಂಜಿನ್ ಕೋಣೆಯಿಂದ ತಲೆ ಹೊರಹಾಕಿ ಅಪ್ಪನ ಕೋಟನ್ನು ನೋಡಿದಳು. ಒಳ್ಳೆಯ ಬಣ್ಣ ಎಂದಳು. ಓಡ್ನಿ ಇದೇ ಕೊಟ್ಟಳು ಎಂದು ಯಾಲ್ಮಾರ್ ಸುಳ್ಳು ಹೇಳಿದ. ಹಿಮದ ಹೊಡೆತ ಜಾಸ್ತಿಯಾಗಿ ತಲೆಗವಸು ಎಳೆದುಕೊಂಡ, ಅಂಚಿನ ಬಳಿ ಹೋಗಿ ತನ್ನ ಜಾಗದಲ್ಲಿ ನಿಂತು ನೋಡಿದ. ಕಾಲಿಗೆ ಆ ಹಲಗೆ ಚೆನ್ನಾಗಿ ಗೊತ್ತಿತ್ತು. ನೀರು ಕಪ್ಪಗೆ ಏರಿಳಿಯುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ಅವನ ಕಣ್ಣು ವೀತಾಸನ ಕಡೆ ಹೋಯಿತು. ಹುಡುಗ ಕೆಲಸ ನಿಲ್ಲಿಸಿ ಇವನನ್ನೂ ಇವನ ಬೆನ್ನ ಹಿಂದಕ್ಕೂ ನೋಡುತ್ತಿದ್ದ. ಯಾಲ್ಮಾರ್ ತಿರುಗಿದ. ಎರಡು ಮಾರು ದೂರದಲ್ಲಿ ಸಿನ್ನೋವೆ ನಿಂತಿದ್ದಳು. ಅವಳ ತುಟಿ ಆಗಷ್ಟೇ ಮುಚ್ಚಿತ್ತು.

"ಏನಂದೆ?"

ಅವಳು ಅವನ ಎದುರಿಗೆ ಬಂದು ನಿಂತಳು. ಕೈಯ ಗ್ರೀಸನ್ನು ಚಿಂದಿಬಟ್ಟೆಯಿಂದ ಒರೆಸಿಕೊಳ್ಳುತ್ತಲೇ ಇದ್ದಳು, ಒರೆಸುವುದು ಮುಗಿಯಲಿಲ್ಲ.

"ನಾನೇ ಅಂಗಡಿಗೆ ಹೋಗಿದ್ದೆ ಅಪ್ಪ. ಎರಡು ಸಲ ಹೋದೆ" ಎಂದಳು. "ಏನೂ ತರೋಕೆ ಆಗ್ಲಿಲ್ಲ."

ಯಾಲ್ಮಾರ್ ತಲೆಯಾಡಿಸಿದ. ಅವಳು ಹಾಕಿಕೊಂಡಿದ್ದ ಹಳೆಯ ಕೋಟಿನ ಭುಜದಲ್ಲಿ ಹೊಲಿಗೆ ಬಿಟ್ಟು ಒಳಗಿನ ಉಣ್ಣೆ ಒದ್ದೆಯಾಗಿತ್ತು. ಅದು ಅವನ ಕಣ್ಣಿಗೆ ಬಿದ್ದದ್ದು ಈಗಲೇ. ಇದನ್ನು ಹಾಕ್ಕೊಂಡು ಕಡಲಿಗೆ ಹೋಗ್ತೀಯಾ ಎಂದು ಗದರಿದ. ತನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಬೇಡ ಎನ್ನುವುದೋ ಬೇಕು ಎನ್ನುವುದೋ ಅವಳಿಗೂ ತಿಳಿದಂತಿರಲಿಲ್ಲ. ಸುಮ್ಮನೆ ಕೈ ಚಾಚಿದಳು.

ತೋಳುಗಳು ಅವಳ ಬೆರಳು ದಾಟಿ ಜೋತವು. ಯಾಲ್ಮಾರ್ ಬರೀ ಸ್ವೆಟರಿನಲ್ಲಿ ಹಿಮಕ್ಕೆ ಬೆನ್ನು ಕೊಟ್ಟು ನಿಂತು, ಹೊಸ ಬಟ್ಟೆ ಬಿರುಸಾಗಿದ್ದರಿಂದ ಬಲವಾಗಿ ಒತ್ತುತ್ತ, ಮೊದಲು ಬಲದ ತೋಳನ್ನು ಮಡಚತೊಡಗಿದ.